ಪದಚರ್ಚೆ: ದೊಡ್ಡ ಕಾಳಗದ ಆಟಗಳಲ್ಲಿ ‘ಲ್ಯಾಗ್’, ‘ಕ್ಯಾಪ್’, ‘ಡಿಸಿಂಕ್’ಗೆ ಏನನ್ನೋಣ?

ಧಾರವಾಡದಿಂದ:

ಬಳಗದ ಎಲ್ಲರಿಗೂ ನಮಸ್ಕಾರರೀ.

ವಿಡಿಯೋ ಗೇಮ್ ಕಟ್ಟುವುದನ್ನು ಕಲಿಯುವ ಹುಡುಗ-ಹುಡುಗಿಯರಿಗೆ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಸಾವಿರಾರು ಸೈನಿಕರ ಕಾಳಗವನ್ನು ಕಂಪ್ಯೂಟರಿನಲ್ಲಿ ನಡೆಸುವುದು ಹೇಗೆ ಎಂಬ ಅಧ್ಯಾಯದಲ್ಲಿ ಕೆಲವು ಪದಗಳ ಹತ್ತಿರ ಬರವಣಿಗೆ ನಿಂತಿದೆ.

ಆಟ ತಡವರಿಸುವುದಕ್ಕೆ ಹೇಳುವ ಲ್ಯಾಗ್‌ಗೆ ಕರಡಿನಲ್ಲಿ ಎಲ್ಲ ಕಡೆ ‘ವಿಳಂಬ’ ಎಂದಿದೆ. “ಸೈನಿಕರು ಹೆಚ್ಚಿದಂತೆ ವಿಳಂಬ ಹೆಚ್ಚುತ್ತದೆ” ಎಂದು ಓದಿದವರು ಇಂಟರ್ನೆಟ್ ಸರಿ ಇದೆಯೇ ಎಂದು ನೋಡಲು ಹೊರಡುತ್ತಾರೆ. ಅಲ್ಲಿ ಹೇಳಬೇಕಾದದ್ದು ಪ್ರೊಸೆಸರಿಗೆ ಭಾರವಾದ ಸಂಗತಿ. ಸೈನಿಕರು ಇಷ್ಟೇ ಇರಬೇಕು ಎನ್ನುವ ಯುನಿಟ್ ಕ್ಯಾಪ್‌ಗೆ ‘ಮಿತಿ’ ಸಾಕೇ? ಯಂತ್ರದಿಂದ ಆಗದೆ ಬಂದ ಮಿತಿ, ಆಟ ಹದವಾಗಿರಲೆಂದು ಹಾಕಿದ ಮಿತಿ ಎರಡೂ ಒಂದೇ ಪದದೊಳಗೆ ಬಂದು ಕೂತಿವೆ. ಒಂದೇ ಆಟ ಇಬ್ಬರ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗುವ ಡಿಸಿಂಕ್‌ಗೆ ‘ಸಮಕಾಲಿಕತೆಯ ನಷ್ಟ’ ಎಂದು ಬರೆಯಬಹುದು, ಆದರೆ ಯಾರ ಬಾಯಿಗೂ ಅದು ಬರುವುದಿಲ್ಲ. ಇನ್ನು, ದೂರದ ಸೈನಿಕನ ಬದಲು ನಿಲ್ಲಿಸುವ ಚಪ್ಪಟೆ ಚಿತ್ರಕ್ಕೆ ಇಂಪೋಸ್ಟರ್ ಅಂತಾರೆ. ‘ವೇಷಧಾರಿ’ ಅಂದರೆ ತರಗತಿ ನಗುತ್ತದೆ.

ಪದದ ಜೊತೆ ಕಾರಣವನ್ನೂ ತಿಳಿಸಿದರೆ ಉಪಕಾರವಾದೀತು.

ಹುಬ್ಬಳ್ಳಿಯಿಂದ:

ಅಕ್ಕಾರ, ಲ್ಯಾಗ್‌ನಿಂದಲೇ ಶುರು ಮಾಡೋಣ, ಉಳಿದವಕ್ಕೆ ದಾರಿ ಅಲ್ಲೇ ಸಿಗುತ್ತದೆ.

ಆಡುವ ಹುಡುಗರು “ಲ್ಯಾಗ್ ಹೊಡ್ಯಾಕತ್ತೈತಿ” ಅಂದರೆ ಅದು ಏನಾದರೂ ಇರಬಹುದು. ಆದರೆ ಅದೇ ಹುಡುಗರು “ಪಿಂಗ್ ಏರೇತಿ” ಅನ್ನುವುದು ನೆಟ್‌ವರ್ಕ್ ಸಲುವಾಗಿ ಮಾತ್ರ, “ಫ್ರೇಮ್ ಬಿದ್ದಾವು” ಅನ್ನುವುದು ತೆರೆಯ ಮೇಲಿನ ಚಿತ್ರ ತಡವರಿಸಿದಾಗ ಮಾತ್ರ. ಅಂದರೆ ಲ್ಯಾಗ್‌ನ ಮೂರು ಬಗೆಗಳಲ್ಲಿ ಎರಡಕ್ಕೆ ಹೆಸರು ಆಗಲೇ ಬಿದ್ದಿದೆ. ‘ವಿಳಂಬ’ವನ್ನು ಪಿಂಗ್‌ಗೆ ಮೀಸಲಿಡಿ: ಕೊಟ್ಟ ಆಜ್ಞೆ ಸರ್ವರ್ ಮುಟ್ಟಿ ಉತ್ತರ ಬರಲು ಹಿಡಿಯುವ ಹೊತ್ತು. ‘ಫ್ರೇಮ್ ಬೀಳುವುದು’ ಹಾಗೇ ಇರಲಿ. ಹೆಸರಿಲ್ಲದ ಮೂರನೆಯದು ಆಟದ ಒಳಗಿನ ಲೆಕ್ಕವೇ ಹಿಂದೆ ಬೀಳುವುದು. ದೊಡ್ಡ ಕಾಳಗಗಳಲ್ಲಿ ಹೆಚ್ಚಾಗಿ ಕಾಡುವುದು ಇದೇ. ‘ಲೆಕ್ಕ ಹಿಂದೆ ಬಿತ್ತು’ ಎಂದೇ ಬರೆಯಬಹುದಲ್ಲ?

ಕಾರಣ ಕೇಳಿದ್ದೀರಿ. ಸೆಕೆಂಡಿಗೆ 60 ಫ್ರೇಮ್, ಅಂದರೆ ತೆರೆಯ ಮೇಲೆ 60 ಚಿತ್ರ, ಬೇಕೆಂದರೆ ಒಂದೊಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಉದಾಹರಣೆಗೆ 2,000 ಸೈನಿಕರಿದ್ದು, ಒಬ್ಬೊಬ್ಬನ ‘ಎತ್ತ ಹೋಗಲಿ, ಯಾರನ್ನು ಹೊಡೆಯಲಿ’ ಎಂಬ ವಿಚಾರಕ್ಕೆ 0.02 ಮಿಲಿಸೆಕೆಂಡ್ ಹಿಡಿದರೂ ಒಟ್ಟು 40 ಆಯಿತು, ಚಿತ್ರ ಬಿಡಿಸುವುದು ಇನ್ನೂ ಬಾಕಿ. ಹಾಗಾಗಿ ಒಂದು ಫ್ರೇಮಿಗೆ 200 ಜನ ಮಾತ್ರ ವಿಚಾರ ಮಾಡುವಂತೆ ಸರದಿ ಹಚ್ಚುತ್ತಾರೆ. ಆಗ ಆ ಖರ್ಚು 4 ಮಿಲಿಸೆಕೆಂಡಿಗೆ ಇಳಿಯುತ್ತದೆ, ಪ್ರತಿ ಸೈನಿಕನೂ ಸೆಕೆಂಡಿಗೆ 6 ಸಲ ವಿಚಾರ ಮಾಡುತ್ತಾನೆ. ಎದುರಾಳಿ ಬಿದ್ದ ಮೇಲೂ ಕ್ಷಣಹೊತ್ತು ಗಾಳಿಗೆ ಕತ್ತಿ ಬೀಸುವ ಸೈನಿಕ ಕಂಡರೆ ಅದು ಈ ಸರದಿಯ ಫಲ ಇರಬಹುದು. ಇದಕ್ಕೆ ‘ರಾಜಿ’ ಎನ್ನುವುದು ಸರಿ, ಯಾಕೆಂದರೆ ಕೊಟ್ಟದ್ದು ಪಡೆದದ್ದು ಎರಡೂ ಎದುರಿಗೇ ಇವೆ.

ಇದಕ್ಕಿಂತ ದುಬಾರಿಯಾದದ್ದು ಅಕ್ಕಪಕ್ಕದವರ ಲೆಕ್ಕ. 2,000 ಜನರಲ್ಲಿ ಪ್ರತಿ ಜೋಡಿಯನ್ನೂ ‘ಒಬ್ಬರಿಗೊಬ್ಬರು ತಾಗಿದರೇ’ ಎಂದು ನೋಡಹೊರಟರೆ 19,99,000 ಜೋಡಿಗಳಾಗುತ್ತವೆ. ಆದ್ದರಿಂದ ರಣರಂಗವನ್ನು ಚೌಕಗಳಾಗಿ ಕೊಯ್ದು, ತನ್ನ ಚೌಕ ಮತ್ತು ಸುತ್ತಲಿನ 8 ಚೌಕಗಳಲ್ಲಿ ಇದ್ದವರನ್ನು ಮಾತ್ರ ನೋಡುತ್ತಾರೆ. ತಲೆಗೆ 20 ನೆರೆಯವರು ಸಿಕ್ಕರೆ ಕೆಲಸ 40,000 ನೋಟಕ್ಕೆ ಇಳಿಯಿತು. ಬಯಲಿನಲ್ಲಿ ಇದು ಚಲೋ ನಡೆಯುತ್ತದೆ. ಕೋಟೆಬಾಗಿಲು ಅಥವಾ ಸೇತುವೆ ಬಂದಾಗ ಕೆಡುತ್ತದೆ: ಎಲ್ಲರೂ ನಾಲ್ಕೈದು ಚೌಕಗಳಲ್ಲೇ ಕಿಕ್ಕಿರಿದು, ಉಳಿಸಿದ್ದೆಲ್ಲ ಮತ್ತೆ ಖರ್ಚಾಗುತ್ತದೆ. ಕೈಪಿಡಿಯಲ್ಲಿ ಈ ಮಾತು ಬರಲೇಬೇಕು, ಕಲಿಯುವವರು ಬಯಲಲ್ಲಷ್ಟೇ ಪರೀಕ್ಷೆ ಮಾಡಿ ‘ಪಾಸ್’ ಅಂದುಬಿಡುತ್ತಾರೆ.

ಯಾವುದು ಯಾವ ಲ್ಯಾಗ್ ಎಂದು ಪತ್ತೆ ಹಚ್ಚುವುದನ್ನೂ ಪದದ ಪಕ್ಕದಲ್ಲೇ ಬರೆಯಿರಿ. ಇಂಟರ್ನೆಟ್ ಇಲ್ಲದೆ ಒಬ್ಬರೇ ಆಡುವ ಕಾಳಗ ಹಚ್ಚಬೇಕು, ಅಲ್ಲೂ ತಡವರಿಸಿದರೆ ಪಿಂಗ್ ಮಾತೇ ಇಲ್ಲ. ಆಮೇಲೆ ತೆರೆಯ ರೆಸಲ್ಯೂಷನ್ ಅರ್ಧಕ್ಕೆ ಇಳಿಸಬೇಕು. ಫ್ರೇಮ್ ಏರಿದರೆ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲಿತ್ತು. ಏರದೇ ಇದ್ದರೆ ಪ್ರೊಸೆಸರ್ ಕಡೆ ಅನುಮಾನ ಪಡಬೇಕು. ಆಗ ಆಟವನ್ನು ತಡೆದು ನಿಲ್ಲಿಸಿ ನೋಡುವುದು: ಸೈನಿಕರು ಸ್ತಬ್ಧರಾದ ಕೂಡಲೇ ಫ್ರೇಮ್ ಜಿಗಿದರೆ ಲೆಕ್ಕವೇ ಹಿಂದೆ ಬಿದ್ದಿತ್ತು ಎಂದರ್ಥ. ಆಗಲೂ ಜಿಗಿಯದಿದ್ದರೆ, ಸಾವಿರಾರು ಸೈನಿಕರ ಚಿತ್ರದ ಆಜ್ಞೆಗಳನ್ನು ಒಂದೊಂದಾಗಿ ಕಾರ್ಡಿಗೆ ಕಳಿಸುವುದರಲ್ಲೇ ಪ್ರೊಸೆಸರ್ ಸೋತಿರುತ್ತದೆ. ಒಂದೇ ಮಾದರಿಯವರನ್ನು ಒಟ್ಟಿಗೆ ಕಳಿಸುವ ಇನ್‌ಸ್ಟೆನ್ಸಿಂಗ್ ಇದ್ದದ್ದೇ ಅದಕ್ಕೆ.

ಲೆಕ್ಕ ಹಿಂದೆ ಬಿದ್ದಾಗ ಅದನ್ನು ಮುಚ್ಚಿಡದೆ ಆಟದ ನಿಯಮವನ್ನಾಗಿಯೇ ಮಾಡಿದ್ದು ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ. ಅದರ ಸರ್ವರ್ ಸೆಕೆಂಡಿಗೊಮ್ಮೆ ಲೆಕ್ಕ ಮಾಡುತ್ತದೆ. ಜನ ಕಿಕ್ಕಿರಿದಾಗ ಆಟದ ಗಡಿಯಾರವನ್ನೇ ಸಹಜ ವೇಗದ ಶೇ. 10ಕ್ಕೆ ಇಳಿಯುವವರೆಗೂ ನಿಧಾನಿಸುತ್ತಾರೆ. ಅಷ್ಟು ಇಳಿದಾಗ ಆಟದೊಳಗಿನ 10 ನಿಮಿಷಕ್ಕೆ ನಮ್ಮ ಗೋಡೆ ಗಡಿಯಾರದಲ್ಲಿ 100 ನಿಮಿಷ ಹಿಡಿಯುತ್ತದೆ. ಆ ಆಟದೊಳಗೆ 2014ರ ಜನವರಿಯ ಬಿ-ಆರ್5ಆರ್‌ಬಿ ಕಾಳಗ ಸುಮಾರು 21 ತಾಸು ನಡೆಯಿತು. ಹೀಗೆ ಗಡಿಯಾರ ನಿಧಾನಿಸುವ ಟೈಮ್ ಡೈಲೇಶನ್‌ಗೆ ಭೌತಶಾಸ್ತ್ರದವರ ‘ಕಾಲ ಹಿಗ್ಗುವಿಕೆ’ ಇದೆ, ಆದರೆ ಇಲ್ಲಿ ತಾನಾಗಿ ಹಿಗ್ಗುವುದಲ್ಲ, ಬೇಕೆಂದೇ ಹಿಗ್ಗಿಸಿದ್ದು. ‘ಕಾಲ ಹಿಗ್ಗಿಸುವಿಕೆ’ ಎಂದು ಬರೆಯುವುದು ಒಳ್ಳೆಯದು.

ಕ್ಯಾಪ್ ವಿಚಾರದಲ್ಲಿ ನಿಮ್ಮ ಅನುಮಾನ ಸರಿಯಾದದ್ದು. ಯಂತ್ರದ ಕೈಯಲ್ಲಿ ಆಗದ್ದಕ್ಕೆ ‘ಮಿತಿ’, ಆಟ ರಚಿಸಿದವರು ಬೇಕೆಂದೇ ಹಾಕಿದ್ದಕ್ಕೆ ‘ಕಟ್ಟಳೆ’ ಎನ್ನೋಣ. 1994ರ ವಾರ್‌ಕ್ರಾಫ್ಟ್‌ನಲ್ಲಿ ಒಮ್ಮೆಗೆ ಆರಿಸಬಹುದಾದ ಸೈನಿಕರು 4, ಅದರ ಎರಡನೆಯ ಭಾಗದಲ್ಲಿ 9, 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ 12. ಯಂತ್ರ ಸೋತಿತು ಎಂದಲ್ಲ. ಮೊದಲು ಎಷ್ಟು ಬೇಕಾದರೂ ಆರಿಸಬಹುದಿತ್ತೆಂದೂ, ಎಲ್ಲರನ್ನೂ ಒಮ್ಮೆಲೇ ಬಳಿದು ಕಳಿಸದೆ ತಂತ್ರಕ್ಕೆ ಮನಸ್ಸು ಕೊಡಲಿ ಎಂದು 4ಕ್ಕೆ ಇಳಿಸಿದರೆಂದೂ ಅದರ ಪ್ರೋಗ್ರಾಮರ್ ಪ್ಯಾಟ್ರಿಕ್ ವಯಟ್ ಬರೆದಿದ್ದಾರೆ. ಅದು ಶುದ್ಧ ಕಟ್ಟಳೆ. ಬ್ಯಾಟಲ್‌ಫೀಲ್ಡ್ 2042 ತನ್ನ ಬ್ರೇಕ್‌ಥ್ರೂ ಮಾದರಿಯನ್ನು 2022ರಲ್ಲಿ 128 ಜನರಿಂದ 64ಕ್ಕೆ ಇಳಿಸಿದ್ದೂ ಅಂಥದ್ದೇ: 128 ಜನರನ್ನು ನಡೆಸುವ ಶಕ್ತಿ ಇದ್ದೂ, ಅಷ್ಟು ಗದ್ದಲದಲ್ಲಿ ಒಬ್ಬೊಬ್ಬರ ಆಟಕ್ಕೆ ಬೆಲೆ ಉಳಿಯುವುದಿಲ್ಲ ಎಂದು ಕೈಬಿಟ್ಟರು. ಹಾಗಂತ ಜನ ಹೆಚ್ಚಿದ್ದಕ್ಕೆ ಯಂತ್ರಕ್ಕೆ ಹೊರೆ ಇಲ್ಲ ಅಂತಲ್ಲ. ಪ್ರತಿಯೊಬ್ಬರ ಸುದ್ದಿ ಉಳಿದವರೆಲ್ಲರಿಗೆ ಹೋಗಬೇಕೆಂದರೆ 64ಕ್ಕೆ 4,032 ಸುದ್ದಿ, 128ಕ್ಕೆ 16,256. ಜನ ಎರಡು ಪಟ್ಟಾದರೆ ಸುದ್ದಿ ನಾಲ್ಕು ಪಟ್ಟು.

‘ಜನಸಂಖ್ಯೆ ಮಿತಿ’ ಎಂಬ ಅನುವಾದ ಕೆಲವು ಕಡೆ ಓಡಾಡುತ್ತಿದೆ, ಅದನ್ನು ಎಲ್ಲಕ್ಕೂ ಹಚ್ಚಬೇಡಿ. ಏಜ್ ಆಫ್ ಎಂಪೈರ್ಸ್‌ಗೆ ಒಪ್ಪುತ್ತದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಕಟ್ಟಳೆ 200, ಆದರೆ ಝರ್ಗ್‌ಲಿಂಗ್ ಎಂಬ ಒಂದು ಪುಟ್ಟ ಸೈನಿಕ ಜೀವಿ ತಿನ್ನುವುದು ಅರ್ಧ ಮಾತ್ರ. ಅದು ತಲೆ ಎಣಿಕೆಯಲ್ಲ, ರೇಶನ್ ಎಣಿಕೆ.

ಡಿಸಿಂಕ್ ಅರ್ಥವಾಗಬೇಕಾದರೆ ಮೊದಲು ಲಾಕ್‌ಸ್ಟೆಪ್ ತಿಳಿಯಬೇಕು. 1997ರ ಏಜ್ ಆಫ್ ಎಂಪೈರ್ಸ್ ಕಟ್ಟಿದವರ ಮುಂದಿದ್ದದ್ದು 28.8 ಕಿಲೋಬಿಟ್ ಮೋಡೆಮ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 3.6 ಕಿಲೋಬೈಟ್. ಪ್ರತಿ ಸೈನಿಕನ ಜಾಗ, ದಿಕ್ಕು, ಗಾಯ ಎಲ್ಲ ಕಳಿಸಿದ್ದರೆ ಚಲಿಸುವ 250 ಸೈನಿಕರಿಗೇ ದಾರಿ ತುಂಬುತ್ತಿತ್ತು ಎಂದು ಪಾಲ್ ಬೆಟ್ನರ್, ಮಾರ್ಕ್ ಟೆರಾನೊ 2001ರಲ್ಲಿ ವಿವರಿಸಿದ್ದಾರೆ. ಅದಕ್ಕೆ ಅವರು ಸೈನಿಕರ ಸುದ್ದಿಯನ್ನೇ ಬಿಟ್ಟರು, ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸಿದರು. ಎಲ್ಲ ಕಂಪ್ಯೂಟರುಗಳೂ ಒಂದೇ ಆಜ್ಞೆಯ ಮೇಲೆ ಅದೇ ಲೆಕ್ಕವನ್ನು ತಂತಮ್ಮಲ್ಲೇ ಮಾಡಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ಹೆಜ್ಜೆ 200 ಮಿಲಿಸೆಕೆಂಡ್, ಈ ಹೆಜ್ಜೆಯಲ್ಲಿ ಕೊಟ್ಟ ಆಜ್ಞೆ ಎರಡು ಹೆಜ್ಜೆ ದಾಟಿ ನಡೆಯುತ್ತದೆ. ಇದಕ್ಕೆ ‘ಕೂಡುಹೆಜ್ಜೆ’ ಎನ್ನಬಹುದು. ಬೆಲೆ ಏನೆಂದರೆ, ಎಲ್ಲಕ್ಕಿಂತ ನಿಧಾನದ ಕಂಪ್ಯೂಟರ್ ಹೇಗೆ ನಡೆಯುತ್ತದೋ ಉಳಿದವೂ ಹಾಗೇ ನಡೆಯಬೇಕು. ಇನ್ನೊಂದು, ಲೆಕ್ಕ ಎಲ್ಲೋ ಕೂದಲೆಳೆ ಬೇರೆಯಾದರೆ ಮುಗಿಯಿತು. ನಕ್ಷೆ ಹುಟ್ಟುವಾಗ ಒಂದು ಜಿಂಕೆ ಸ್ವಲ್ಪವೇ ಓರೆ ನಿಂತರೆ, ಕೆಲವು ನಿಮಿಷದ ಮೇಲೆ ಬೇಟೆಗಾರನ ಈಟಿ ಒಂದು ಕಂಪ್ಯೂಟರಿನಲ್ಲಿ ತಾಗಿ ಇನ್ನೊಂದರಲ್ಲಿ ತಪ್ಪುತ್ತದೆ. ಅಲ್ಲಿಂದ ಮುಂದೆ ಇಬ್ಬರು ಆಡುತ್ತಿರುವುದು ಎರಡು ಬೇರೆ ಆಟ. ಇದೇ ಡಿಸಿಂಕ್. ‘ಹೆಜ್ಜೆ ತಪ್ಪು’ ಎಂದರೆ ಹೇಗೆ?

ಇಂಪೋಸ್ಟರ್ ಪ್ರಶ್ನೆಗೆ ಒಂದೇ ಮಾತು: ಕಟೌಟ್. ಥಿಯೇಟರ್ ಮುಂದೆ ನಿಲ್ಲಿಸುತ್ತಾರಲ್ಲ, ಹಾಗೆ ಮುಂದಿನಿಂದ ಆಳು, ಬದಿಯಿಂದ ಹಲಗೆ. 2000ದ ಶೋಗನ್: ಟೋಟಲ್ ವಾರ್‌ನಲ್ಲಿ ಸೈನಿಕರೆಲ್ಲ ಮೂರು ಆಯಾಮದ ನೆಲದ ಮೇಲೆ ನಿಂತ ಇಂಥ ಕಟೌಟ್‌ಗಳೇ. 2004ರ ರೋಮ್‌ನಲ್ಲಿ ಹತ್ತಿರದವರಿಗೆ ಮೈ ಬಂತು, ದೂರದವರು ಕಟೌಟ್ ಆಗಿಯೇ ಉಳಿದರು. ಕ್ಯಾಮೆರಾ ಹತ್ತಿರ ಸರಿದಾಗ ಕಟೌಟ್ ಮೈ ತಳೆಯುವ ಗಳಿಗೆ ಟಪ್ಪೆಂದು ಕಣ್ಣಿಗೆ ಬೀಳುತ್ತದೆ, ಅದಕ್ಕೆ ಪಾಪಿಂಗ್ ಅಂತಾರೆ. ಆ ಪದವನ್ನು ಹಾಗೇ ಇಡಿ.

ಗದಗದಿಂದ:

ಅಕ್ಕಾರ, ಹುಬ್ಬಳ್ಳಿ ಅಣ್ಣಾರು ಕೊಟ್ಟ ‘ಕಟ್ಟಳೆ’, ‘ಕಟೌಟ್’ ಎರಡಕ್ಕೂ ನನ್ನ ಒಪ್ಪಿಗೆ ಇದೆ. ‘ಹೆಜ್ಜೆ ತಪ್ಪು’ ಬ್ಯಾಡರೀ. ನಮ್ಮ ಕಡೆ ಹೆಜ್ಜೆ ತಪ್ಪಿದ ಅಂದರೆ ನಡತೆಯ ಮಾತಾಗುತ್ತದೆ, ಆಟಗಾರನೇ ಏನೋ ಮಾಡಿದ ಅನ್ನಿಸುತ್ತದೆ. ಅಲ್ಲದೆ ಹೆಜ್ಜೆ ಎಲ್ಲೂ ತಪ್ಪಿರುವುದಿಲ್ಲ, ಎಲ್ಲ ಕಂಪ್ಯೂಟರೂ 5,000ನೆಯ ಹೆಜ್ಜೆಯಲ್ಲೇ ಇರುತ್ತವೆ. ಬೇರೆಯಾದದ್ದು ಲೆಕ್ಕ. ಅದನ್ನು ಹಿಡಿಯುವುದೂ ಹೀಗೇ: ಪ್ರತಿ ಕಂಪ್ಯೂಟರ್ ಇಡೀ ರಣರಂಗದ ಸ್ಥಿತಿಯನ್ನು ಒಂದು ಅಂಕಿಗೆ ಇಳಿಸಿ, ಉಳಿದವರ ಅಂಕಿಯೊಡನೆ ತಾಳೆ ನೋಡುತ್ತದೆ. ಅಡತಿ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ನಾವು ಬಳಸುವ ಪದವೇ ಇಲ್ಲಿಗೂ ಸಲ್ಲುತ್ತದೆ. ‘ತಾಳೆ ತಪ್ಪಿತು’ ಎನ್ನಿ.

ಅದರ ಕೆಳಗೆ ಮುಖ್ಯ ಕಾರಣಗಳನ್ನೂ ಬರೆಯಿರಿ. ದಶಾಂಶ ಸಂಖ್ಯೆಗಳ ಕೊನೆಯ ಅಂಕಿ ಪ್ರೊಸೆಸರ್ ಅಥವಾ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಬದಲಾದಾಗ ಬೇರೆಯಾಗಬಹುದು. ಅದಕ್ಕೆ ಅನೇಕರು ಜಾಗ, ವೇಗವನ್ನೆಲ್ಲ ಪೂರ್ಣಾಂಕದಲ್ಲೇ ಇಡುತ್ತಾರೆ, ಒಂದು ಮೀಟರಿಗೆ 1,000 ಎಂಬಂತೆ. ಕಲಿಯುವವರು ಪದೇ ಪದೇ ಎಡವುವುದು ಇನ್ನೊಂದರಲ್ಲಿ: ಹೊಗೆ, ರಕ್ತ, ದನಿಯ ಸಲುವಾಗಿ ತೆಗೆಯುವ ಯಾದೃಚ್ಛಿಕ ಸಂಖ್ಯೆಯನ್ನು ಕಾಳಗದ ಲೆಕ್ಕದ ಸಾಲಿನಿಂದಲೇ ತೆಗೆಯುತ್ತಾರೆ. ಒಬ್ಬರ ತೆರೆಯಲ್ಲಿ ಹೊಗೆ ಬಂದ್ ಇದ್ದರೆ ಸಾಲು ಒಂದು ಮನೆ ಹಿಂದೆ ನಿಂತು, ಮುಂದಿನ ಬಾಣದ ಹೊತ್ತಿಗೆ ತಾಳೆ ತಪ್ಪಿರುತ್ತದೆ. ಎರಡಕ್ಕೂ ಬೇರೆ ಬೇರೆ ಸಾಲು ಇರಬೇಕು.

ನೀವು ಕೇಳದೇ ಇದ್ದ ಒಂದು ಪದ, ರಿಇನ್‌ಫೋರ್ಸ್‌ಮೆಂಟ್. ಮೌಂಟ್ ಅಂಡ್ ಬ್ಲೇಡ್‌ನ ಎರಡನೆಯ ಭಾಗ ಬ್ಯಾನರ್‌ಲಾರ್ಡ್‌ನಲ್ಲಿ ರಣರಂಗಕ್ಕೆ ಒಮ್ಮೆಗೆ ಇಳಿಯುವವರು ಹೆಚ್ಚೆಂದರೆ 1,000 ಎಂದು ಆಯ್ಕೆ ಇದೆ. ಕಾಗದದ ಮೇಲೆ ದಂಡು ಎಷ್ಟೇ ದೊಡ್ಡದಿರಲಿ, ಇದ್ದವರು ಬಿದ್ದಂತೆಲ್ಲ ಉಳಿದವರು ಅಲೆಯಲೆಯಾಗಿ ಬರುತ್ತಾರೆ. ಕುದುರೆಯನ್ನೂ ಎಂಜಿನ್ ಪ್ರತ್ಯೇಕವಾಗಿ ನಡೆಸಬೇಕಾದ್ದರಿಂದ ಸವಾರರ ದಂಡು ಕಾಲಾಳಿಗಿಂತ ಭಾರ. ಈ ಹಿಂದಿನಿಂದ ಬರುವವರಿಗೆ ‘ಬಲವರ್ಧನೆ’ ಎಂದು ಬರೆದರೆ ಟಾನಿಕ್ ಬಾಟಲಿಯ ನೆನಪಾಗುತ್ತದೆ. ‘ಕುಮಕು’ ಇದೆಯಲ್ಲರೀ. ನೆರವಿಗೆ ಬರುವ ದಂಡು ಎಂಬ ಅರ್ಥ ಅದರ ಮೂಲದಲ್ಲೇ ಇದೆ. ಪತ್ರಿಕೆಗಳಲ್ಲಿ ‘ಕುಮ್ಮಕ್ಕು’ ಎಂದಾಗಿ ಕೆಟ್ಟ ಕೆಲಸಕ್ಕೆ ಒತ್ತಾಸೆ ಎಂಬ ಅರ್ಥಕ್ಕೆ ಇಳಿದಿದೆ, ಅದಕ್ಕೆ ದ್ವಿತ್ವ ಬಿಟ್ಟು ‘ಕುಮಕು’ ಎಂದೇ ಬರೆಯಿರಿ. ಕಟ್ಟುವವರಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಿ: ಕುಮಕು ಇಳಿಯುವ ಜಾಗ ಒಂದೇ ಇದ್ದರೆ ಎದುರಾಳಿ ಅಲ್ಲೇ ಕಾದು ನಿಂತು, ಬಂದವರನ್ನು ಬಂದಂತೆಲ್ಲ ಕಡಿಯುತ್ತಾನೆ. ಎರಡು ಮೂರು ಜಾಗ ಇಟ್ಟು, ಶತ್ರು ದೂರವಿರುವ ಕಡೆಯಿಂದ ಇಳಿಸಬೇಕು.