ಕ್ಯಾಂಡಿಡ್ ಫೋಟೋ, ಅದರ ಮೇಲಿನ ಫೀಡ್‌ಬ್ಯಾಕ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೀದಿಯಲ್ಲಿ ತೆಗೆದ ಫೋಟೋಗಳನ್ನು ಒಬ್ಬರಿಗೊಬ್ಬರು ತೋರಿಸಿ ಮಾತಾಡುವ ಸಣ್ಣ ಗುಂಪು ನಮ್ಮದು. ಮಾತೆಲ್ಲ ಕನ್ನಡದಲ್ಲೇ. ಕ್ಯಾಮೆರಾ, ಲೆನ್ಸ್, ಫ್ರೇಮ್ ಹಾಗೇ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕ್ಯಾಂಡಿಡ್ (ಪೋಸ್ ಕೊಡಿಸದೆ ತೆಗೆದ ಫೋಟೋ), ಫೀಡ್‌ಬ್ಯಾಕ್ ಎಂಬ ಎರಡು ಪದಗಳಿಂದ ಸುಮ್ನೆ ವಾದ ಬೆಳೆಯುತ್ತಿದೆ.

ಇಂಗ್ಲಿಷಿನಲ್ಲಿ ಕ್ಯಾಂಡಿಡ್ ಅಂದರೆ ಮುಚ್ಚುಮರೆ ಇಲ್ಲದ್ದು. ಅದು ಕ್ಯಾಮೆರಾಗೆ ಅಂಟಿಕೊಂಡಿದ್ದು 1920ರ ದಶಕದ ಕೊನೆಯ ಹೊತ್ತಿಗೆ, ಜರ್ಮನಿಯ ಎರಿಕ್ ಸಾಲೊಮನ್ ಅವರ ಚಿತ್ರಗಳಿಂದ. ಅವರು 1928ರಲ್ಲಿ ಟೋಪಿಯೊಳಗೆ ಕ್ಯಾಮೆರಾ ಬಚ್ಚಿಟ್ಟು ಕೋರ್ಟಿನ ಫೋಟೋ ತೆಗೆದವರು! ಮುಚ್ಚುಮರೆ ಇಲ್ಲದ್ದು ಚಿತ್ರದಲ್ಲಿರುವವರ ಮುಖ. ತೆಗೆದವರದು ಪೂರ್ತಿ ಮುಚ್ಚುಮರೆ. ಫ್ರೆಂಚ್ ಭಾಷೆ ಇದನ್ನು ಅಡಗಿಸುವುದಿಲ್ಲ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸೋನ್ ಅವರ 1952ರ ಪುಸ್ತಕದ ಹೆಸರಲ್ಲಿ 'ಆ ಲಾ ಸೊವೆತ್' ಎಂಬ ಮಾತಿದೆ. ಲೈಸೆನ್ಸ್ ಇಲ್ಲದೆ ಬೀದಿಯಲ್ಲಿ ಮಾರುತ್ತಾ, ಯಾವಾಗ ಬೇಕಾದರೂ ಓಡಲು ತಯಾರಾಗಿರುವವರ ವ್ಯಾಪಾರಕ್ಕೆ ಬಳಸುವ ಮಾತು ಅದು. ಇಂಗ್ಲಿಷ್ ಆವೃತ್ತಿಗೆ 'ನಿರ್ಣಾಯಕ ಕ್ಷಣ' ಎಂಬರ್ಥದ ಹೆಸರು ಬಂತು. ಕಳ್ಳಾಟದ ವಾಸನೆ ಹೋಗಿ ಗಾಂಭೀರ್ಯ ಬಂತು.

ಕನ್ನಡದಲ್ಲಿ 'ಸಹಜ ಚಿತ್ರ' ಅನ್ನುವವರಿದ್ದಾರೆ. ಆದರೆ ನಿಲ್ಲಿಸಿ ತೆಗೆದದ್ದೂ ಸಹಜವಾಗಿ ಕಾಣಬಹುದಲ್ವಾ? 'ಕದ್ದು ತೆಗೆದದ್ದು' ಅಂದರೆ ತೀರ್ಪು ಕೊಟ್ಟ ಹಾಗೆ. 'ಅರಿವಿಲ್ಲದೆ ತೆಗೆದದ್ದು' ಅಂದರೆ ತೆಗೆದವರಿಗೇ ಅರಿವಿರಲಿಲ್ಲ ಅನ್ನಿಸುತ್ತದೆ. ಈ ಗೊಂದಲ ನಮ್ಮ ಮಾತುಕತೆಗೂ ಬರುತ್ತದೆ. "ಅವರು ಕ್ಯಾಮೆರಾ ನೋಡಿದ್ದಾರೆ, ಇದು ಕ್ಯಾಂಡಿಡ್ ಅಲ್ಲ" ಅಂತ ಒಬ್ಬರು. "ನೋಡಿದರೂ ಮುಖಭಾವ ಬದಲಾಗಿಲ್ಲ, ಇದು ಕ್ಯಾಂಡಿಡ್ಡೇ" ಅಂತ ಇನ್ನೊಬ್ಬರು. ಒಬ್ಬರು ತೆಗೆದ ರೀತಿಯ ಬಗ್ಗೆ, ಇನ್ನೊಬ್ಬರು ಕಂಡ ಮುಖದ ಬಗ್ಗೆ ಮಾತಾಡುತ್ತಿದ್ದಾರೆ. ನನಗನ್ನಿಸುವುದು, ಇಲ್ಲಿ ಒಂದಲ್ಲ, ಎರಡು ಪದ ಬೇಕು.

ಇನ್ನು ಫೀಡ್‌ಬ್ಯಾಕ್. ಇದು ಇಂಜಿನಿಯರುಗಳ ಪದ. ಸ್ಪೀಕರ್ ಮುಂದೆ ಮೈಕ್ ಹಿಡಿದರೆ 'ಕುಂಯ್' ಅನ್ನುವುದಕ್ಕೂ ಅದೇ ಹೆಸರು. ಪಠ್ಯಪುಸ್ತಕದ 'ಹಿಮ್ಮಾಹಿತಿ' ಯಾರ ಬಾಯಲ್ಲೂ ನಿಲ್ಲುತ್ತಿಲ್ಲ. 'ಪ್ರತಿಕ್ರಿಯೆ' ಕೇಳಿದರೆ 'ಸೂಪರ್' ಬರುತ್ತದೆ, 'ಅಭಿಪ್ರಾಯ' ಕೇಳಿದರೆ 'ಚೆನ್ನಾಗಿದೆ'. 'ವಿಮರ್ಶೆ' ಅಂದರೆ ಜನ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಮಗೆ ಬೇಕಾದದ್ದು ಇಂಥ ಮಾತು: "ತಲೆಯಿಂದಲೇ ಕಂಬ ಎದ್ದ ಹಾಗಿದೆ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ತಪ್ಪುತ್ತಿತ್ತು." "ಕಣ್ಣು ಮೊದಲು ಹಿಂದಿನ ಕೆಂಪು ಬೋರ್ಡಿಗೇ ಹೋಗುತ್ತೆ." ಬೀದಿಯಲ್ಲಿ ಯಾರಿಗೂ "ಕೈ ಸ್ವಲ್ಪ ಎತ್ತಿ" ಅನ್ನುವಂತಿಲ್ಲ. ಸ್ಟುಡಿಯೋ ಬುದ್ಧಿವಾದ ಇಲ್ಲಿ ದಂಡ.

ಸದ್ಯಕ್ಕೆ ನಾನು "ನಿಮಗೆ ಕಂಡದ್ದು ಹೇಳಿ" ಅನ್ನುತ್ತಿದ್ದೇನೆ. ಜನ ಮಾರ್ಕ್ಸ್ ಕೊಡುವುದು ಬಿಟ್ಟು ಫೋಟೋ ನೋಡುತ್ತಾರೆ. ತೆಗೆದವರೂ ಸಮರ್ಥನೆಗೆ ಇಳಿಯುವುದು ಕಡಿಮೆ, ಯಾಕೆಂದರೆ ಇನ್ನೊಬ್ಬರಿಗೆ ಕಂಡದ್ದನ್ನು ಕಂಡಿಲ್ಲ ಅನ್ನಲಾಗುವುದಿಲ್ಲ. ತೊಡಕು ಒಂದೇ. 'ಫೀಡ್‌ಬ್ಯಾಕ್ ಕೊಟ್ಟರು, ತಗೊಂಡರು' ಅನ್ನುವ ಹಾಗೆ 'ಕಂಡದ್ದು ಕೊಟ್ಟರು' ಅನ್ನಲು ಬರುವುದಿಲ್ಲ.

'ಟೀಕೆ' ಹಿಂದೆ ಗ್ರಂಥಕ್ಕೆ ಬರೆಯುವ ವಿವರಣೆಯಾಗಿತ್ತು, ಈಗ ಬರೀ ತಪ್ಪು ಹುಡುಕುವುದಾಗಿದೆ. ಆ ಹಳೆಯ ಅರ್ಥ ನಿಮ್ಮ ಕಡೆ ಯಾರ ಮಾತಿನಲ್ಲಾದರೂ ಉಳಿದಿದೆಯೇ? ಕ್ಯಾಂಡಿಡ್‌ನ ಎರಡು ಅರ್ಥಗಳಿಗೆ ಬೇರೆಬೇರೆ ಪದ ಬಳಸುವವರಿದ್ದರೆ ದಯವಿಟ್ಟು ಒಂದೆರಡು ವಾಕ್ಯದಲ್ಲಿ ಬಳಸಿ ತೋರಿಸಿ.