ಅಪ್‌ಡೇಟ್: ಎನ್‌ಡಿ ಫಿಲ್ಟರ್ ಇಲ್ಲದೆ ಕೆರೆ ನೀರು ನುಣುಪಾಯಿತು

ಬೆಂಗಳೂರಿನ ಸ್ಯಾಂಕಿ ಕೆರೆಯ ನೀರು ಫೋಟೋದಲ್ಲಿ ರೇಷ್ಮೆಯಂತೆ ಕಾಣಬೇಕು, ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಕಪ್ಪು ಗಾಜು) ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಹಲವು ಫ್ರೇಮ್ ತೆಗೆದು ಸರಾಸರಿ ಮಾಡಿ ಅಂದವರಿಗೆ ಥ್ಯಾಂಕ್ಸ್, ಕೆಲಸ ಆಯಿತು.

ಟ್ರೈಪಾಡ್, ಮ್ಯಾನುಯಲ್ ಮೋಡ್, ಫೋಕಸ್ ಲಾಕ್. ಕಾಲು ಸೆಕೆಂಡಿನ 16 ಫ್ರೇಮ್. ಫೋಟೋಶಾಪ್‌ನಲ್ಲಿ ಎಲ್ಲವನ್ನೂ ಒಂದೇ ಸ್ಮಾರ್ಟ್ ಆಬ್ಜೆಕ್ಟ್ (ಎಲ್ಲ ಫ್ರೇಮ್ ಒಳಗಿಟ್ಟುಕೊಳ್ಳುವ ಒಂದೇ ಲೇಯರ್) ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ‘ಮೀನ್’ (ಸರಾಸರಿ) ಕೊಟ್ಟೆ. 4 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟಂತೆ ಅಲೆಗಳು ಕರಗಿಹೋದವು. ಮರಗಳ ನೆರಳಿನಲ್ಲಿದ್ದ ನಾಯ್ಸ್ (ಕಾಳುಕಾಳು ಚುಕ್ಕಿ) ಕೂಡ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಿತು. ಇದು ಬೋನಸ್ಸು!

ವಾಕಿಂಗ್ ಬಂದವರು ಮಾತ್ರ ದೆವ್ವಗಳ ಹಾಗೆ ಮಸುಕಾಗಿ ಉಳಿದರು. ದಡದ ಭಾಗಕ್ಕಷ್ಟೇ ‘ಮೀಡಿಯನ್’ (ಎಲ್ಲ ಫ್ರೇಮ್‌ಗಳ ನಡುವಿನ ಬೆಲೆ) ಹಾಕಿ, ಬೇಕಾದಷ್ಟೇ ಜಾಗ ತೋರಿಸುವ ಮಾಸ್ಕ್‌ನಿಂದ ಸೇರಿಸಿದೆ. ನಡೆಯುವವರು ಮಾಯ. ಒಂದೇ ಕಡೆ ನಿಂತು ಹರಟುತ್ತಿದ್ದ ಅಂಕಲ್‌ಗಳು ಜಪ್ಪಯ್ಯ ಅಂದರೂ ಹೋಗಲಿಲ್ಲ.

ಬಿಳಿಚಿಕೊಂಡ ಆಕಾಶಕ್ಕೆ ಇದು ಮದ್ದಲ್ಲ, ಸರಾಸರಿ ಮಾಡಿದರೂ ಬಿಳಿಯೇ. ಅದಕ್ಕೆ ಬೆಳಕನ್ನು 2 ಸ್ಟಾಪ್ (ಅಂದರೆ ಕಾಲು ಭಾಗಕ್ಕೆ) ಕಡಿಮೆ ಮಾಡಿ ಬೇರೆ ಫ್ರೇಮ್ ತೆಗೆಯಬೇಕು.