ಗೆಳೆಯರೆಲ್ಲ ಕೂಡಿ ಪ್ಲೇಟು ಕೇಳೋಕೆ ಏನೇನು ತಯಾರಿ ಬೇಕು? (ರಾಯಚೂರು)

ತಟ್ಟೆಪೆಟ್ಟಿಗೆ, ರಾಯಚೂರು:

ಎಲ್ಲಾರಿಗೂ ನಮಸ್ಕಾರ್ರಿ. ತಿಂಗಳಿಗೊಂದು ರವಿವಾರ ಸಂಜಿ ಏಳೆಂಟು ಮಂದಿ ಗೆಳೆಯರು ಒಂದು ಮನ್ಯಾಗ ಕೂಡಿ ಗ್ರಾಮಫೋನ್ ಪ್ಲೇಟು ಹಚ್ಚಿ ಕೇಳೋದು, ಆಮ್ಯಾಲೆ ಕೇಳಿದ್ದರ ಬಗ್ಗೆ ಮಾತಾಡೋದು ಅಂತ ಗೊತ್ತು ಮಾಡೀವಿ. ಸುಮಾರು 40 ಎಲ್‌ಪಿ, 20 ಸಣ್ಣ 45ರ ಪ್ಲೇಟು, 15 ಹಳೇ ಅರಗಿನ 78ರ ಪ್ಲೇಟು ಅದಾವ್ರಿ (45, 78 ಅಂದ್ರ ನಿಮಿಷಕ್ಕ ತಿರುಗೋ ಸುತ್ತು, ಎಲ್‌ಪಿದು 33⅓). ಯಂತ್ರ ಎರಡು: ಪೆಟ್ಟಿಗಿ ಹಂಗ ಮುಚ್ಚೋ ಎಚ್‌ಎಂವಿ ಫಿಯೆಸ್ಟಾ ಒಂದು, ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳು ಕೂಡಿಸಿದ, ದನಿ ಹಿಡಿಯೋ ತುದಿ) ಇರೋ ಬೆಲ್ಟಿನ ಟರ್ನ್‌ಟೇಬಲ್ ಒಂದು. ಕೋಣಿ 12×14 ಅಡಿ, ಮ್ಯಾಲಿನ ಮಹಡಿ, ಆರ್‌ಸಿಸಿ ಚಾವಣಿ, ನೆಲಕ್ಕ ಶಹಾಬಾದ್ ಪರ್ಸಿ.

ಇಲ್ಲಿ ಧೂಳು, ಬಿಸಿಲು, ಕರೆಂಟು ಮೂರೂ ಕಾಡ್ತಾವ. ಪ್ಲೇಟು ತೊಳೆಯೋದು ಹ್ಯಾಂಗ, ಬ್ಯಾಸಗ್ಯಾಗ ಇಡೋದು ಎಲ್ಲಿ, ಯಾವ ಪ್ಲೇಟು ಯಾವ ಯಂತ್ರಕ್ಕ ಹಚ್ಚಬೇಕು? ಎಂಟು ಮಂದಿ ಕುಂತ್ರ ಸ್ಪೀಕರ್ ಎಲ್ಲಿಡಬೇಕು? ಬಲ್ಲವರು ಬಿಡಿಸಿ ಹೇಳ್ರಿ.

ಕೆಮ್ಮಣ್ಣು, ಬಳ್ಳಾರಿ:

ಮೊದಲು ಧೂಳಿನ ಮಾತು ಮುಗಿಸೋಣ ಸರ್, ನಮ್ಮ ಕಡೆ ಪ್ಲೇಟು ಹಾಳಾಗುವುದು ಬಹುಪಾಲು ಅದರಿಂದಲೇ. ಸಂಡೂರು ಕಡೆಯ ಕೆಂಪು ಧೂಳಿನಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರು ಇರುತ್ತದೆ, ನಿಮ್ಮ ಕಡೆಯ ಹಾರುಬೂದಿಯಲ್ಲಿ ಸಿಲಿಕಾ. ಎರಡೂ ವಿನೈಲ್‌ಗಿಂತ ಎಷ್ಟೋ ಗಟ್ಟಿ. ಧೂಳು ಕೂತ ಪ್ಲೇಟಿನ ಮೇಲೆ ಮುಳ್ಳು ಓಡಿದರೆ ಆ ಕಣ ಗೆರೆಯ ಗೋಡೆಯನ್ನು ಗೀರುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಚಟಚಟ ಹೋಗುವುದಿಲ್ಲ. ಒಣ ಬಟ್ಟೆಯಿಂದ ಒರೆಸುವುದು ಇನ್ನೂ ಕೆಟ್ಟದ್ದು: ಕಣವನ್ನು ಒಳಕ್ಕೆ ಒತ್ತುತ್ತದೆ, ಜೊತೆಗೆ ತಿಕ್ಕಿದ ವಿನೈಲ್ ಸ್ಟ್ಯಾಟಿಕ್ ಹಿಡಿದು ಸುತ್ತಲಿನ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ಗಾಳಿ ಒಣಗಿರುವುದರಿಂದ ಆಗ ಈ ಕಾಟ ಹೆಚ್ಚು.

ತೊಳೆಯಲು ಬೋರ್‌ವೆಲ್ ನೀರು ಬೇಡವೇ ಬೇಡ. ಅದು ಒಣಗಿದ ಮೇಲೆ ಉಳಿಯುವ ಸುಣ್ಣದ ಬಿಳಿ ಕಲೆ ಗೆರೆಯೊಳಗೇ ಕೂರುತ್ತದೆ. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಕ್ಯಾನಿನ ಮೇಲಿನ ಚೀಟಿ ಓದಿಯೇ ಕೊಳ್ಳಿ, ಅದೇ ಅಂಗಡಿಯಲ್ಲಿ ಆ್ಯಸಿಡ್ ಕ್ಯಾನೂ ಇರುತ್ತದೆ.

ಎಲ್‌ಪಿ ಮತ್ತು 45ಕ್ಕೆ: 750 ಎಂ.ಎಲ್. ಡಿಸ್ಟಿಲ್ಡ್ ನೀರು, 250 ಎಂ.ಎಲ್. ಐಸೋಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ 2 ಅಥವಾ 3 ಹನಿ. ಹನಿ ಹೆಚ್ಚಾದರೆ ಸೋಪಿನ ಪದರ ಉಳಿದು ಮುಳ್ಳಿನ ತುದಿಗೆ ಬಿಳಿ ಮೇಣದಂತೆ ಅಂಟುತ್ತದೆ. ಲೇಬಲ್ ಮೇಲೆ ಅದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತಿ ಹಿಡಿಯಿರಿ. ಮೈಕ್ರೋಫೈಬರ್ ಬಟ್ಟೆಯನ್ನು ದ್ರಾವಣದಲ್ಲಿ ನೆನೆಸಿ ಗೆರೆಯ ಗುಂಟ ಸುತ್ತಿಗೆ ಮೂರು ಸಲ ಒರೆಸಿ, ಅಡ್ಡ ಎಳೆಯಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಂದು ಸಲ. ಈ ಎರಡನೇ ಸಲದ ತೊಳೆತವನ್ನೇ ಜನ ಬಿಟ್ಟುಬಿಡುತ್ತಾರೆ, ಅದನ್ನು ಬಿಟ್ಟರೆ ತೊಳೆದೂ ಪ್ರಯೋಜನವಿಲ್ಲ. ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಅರ್ಧ ಗಂಟೆ ಒಣಗಿಸಿ. ಒದ್ದೆ ಪ್ಲೇಟಿಗೆ ಫ್ಯಾನ್ ಗಾಳಿ ಬಿಟ್ಟರೆ ಧೂಳು ನೇರ ಬಂದು ಅಂಟುತ್ತದೆ.

ತೊಳೆದ ಪ್ಲೇಟನ್ನು ಹಳೆಯ ಒಳಚೀಲಕ್ಕೇ ಮತ್ತೆ ಹಾಕಬೇಡಿ, ಅದರ ತುಂಬ ಹಳೆಯ ಧೂಳೇ ಇರುತ್ತದೆ. ಮೆತ್ತನೆಯ ಪಿವಿಸಿ ಒಳಚೀಲ ನಮ್ಮ ಬಿಸಿಲಿಗೆ ಬೆವರಿ ಪ್ಲೇಟಿನ ಮೇಲೆ ಮಬ್ಬು ಕಲೆ ಬಿಡುತ್ತದೆ. ಸಾದಾ ಕಾಗದದ ಚೀಲ ಅದಕ್ಕಿಂತ ವಾಸಿ, ಪಾಲಿಥಿನ್ ಅಸ್ತರಿಯದು ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಬಿಸಿಲು. ಮೇಲಿನ ಮಹಡಿ, ಆರ್‌ಸಿಸಿ ಚಾವಣಿ ಎಂದಿದ್ದೀರಿ. ಹೊರಗೆ 42 ಡಿಗ್ರಿ ಇದ್ದಾಗ ಅಂಥ ಕೋಣೆಯ ಅಟ್ಟದಲ್ಲಿ ಪ್ಲೇಟು ಇಡಲೇಬಾರದು. ವಿನೈಲ್ ಮೆತ್ತಗಾಗುವುದು 60 ಡಿಗ್ರಿಯ ಆಸುಪಾಸಿನಲ್ಲಾದರೂ, ಓರೆಯಾಗಿ ಒರಗಿಸಿಟ್ಟ ಅಥವಾ ಒಂದರ ಮೇಲೊಂದು ಪೇರಿಸಿದ ಪ್ಲೇಟು ಅದಕ್ಕಿಂತ ಕಡಿಮೆ ಶಾಖದಲ್ಲೇ ದಿನಗಳೆದಂತೆ ಬಾಗುತ್ತದೆ. ನೆಟ್ಟಗೆ ನಿಲ್ಲಿಸಿ, ಬಿಗಿಯೂ ಅಲ್ಲ ಸಡಿಲವೂ ಅಲ್ಲ, ಕೆಳಗಿನ ಖಾನೆಯಲ್ಲಿ, ಪಶ್ಚಿಮದ ಗೋಡೆಯಿಂದ ದೂರ. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಹತ್ತು ನಿಮಿಷವೂ ಬಿಡಬೇಡಿ.

ಕೂಲರ್ ಇದ್ದರೆ ಜನ ಬರುವ ಒಂದು ಗಂಟೆ ಮುಂಚೆ ಓಡಿಸಿ, ಪ್ಲೇಟು ಹಚ್ಚುವಾಗ ನಿಲ್ಲಿಸಿ. ಅದರ ತೇವಕ್ಕೆ ಸ್ಟ್ಯಾಟಿಕ್ ತಗ್ಗುತ್ತದೆ, ಅದು ಲಾಭ. ಆದರೆ ಪ್ಲೇಟಿನ ಕಪಾಟು ಕೂಲರಿನ ಎದುರಿಗಿದ್ದರೆ ರಟ್ಟಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ.

ಗೋಡೆಗೂಡು, ಕೊಪ್ಪಳ:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ಯಂತ್ರದ ಬಗ್ಗೆ ನಾ ಹೇಳ್ತೀನಿ.

ಫಿಯೆಸ್ಟಾನ್ನ 78ಕ್ಕ ಮೀಸಲಿಡ್ರಿ, ಎಲ್‌ಪಿ ಅದಕ್ಕ ಹಚ್ಚಬ್ಯಾಡ್ರಿ. ಇಂಥ ಪೆಟ್ಟಿಗಿ ಪ್ಲೇಯರಿನ ಸಿರಾಮಿಕ್ ಕಾರ್ಟ್ರಿಜ್ 5 ಗ್ರಾಂ, ಕೆಲವು ಅದಕ್ಕೂ ಹೆಚ್ಚು ಭಾರ ಹಾಕ್ತಾವ. ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಆಜೂಬಾಜೂ ಸಾಕು. ಸ್ಟೀರಿಯೋ ಎಲ್‌ಪಿಯ ಗೆರಿ ಆ ಭಾರ ತಡಿಯೂದಿಲ್ಲ. ಕಾರ್ಟ್ರಿಜ್ ತುದಿಗೆ ತಿರುವೋ ಸಣ್ಣ ಹಿಡಿ ಇದ್ರ ನೋಡ್ರಿ: ಒಂದು ಮಗ್ಗಲಿಗೆ 78ರ ಮುಳ್ಳು, ಇನ್ನೊಂದಕ್ಕ ಎಲ್‌ಪಿ ಮುಳ್ಳು. 78ರ ಗೆರಿ ಅಗಲ, ಅದಕ್ಕ ಸುಮಾರು 3 ಮಿಲ್ ಅಂದ್ರ 75 ಮೈಕ್ರಾನ್ ತುದಿ ಬೇಕು. ಎಲ್‌ಪಿಗೆ 1 ಮಿಲ್ ಅಥವಾ ಅದಕ್ಕಿಂತ ಸಣ್ಣದು. ಎಲ್‌ಪಿ ಮುಳ್ಳಿನಿಂದ 78 ಹಚ್ಚಿದ್ರ ತುದಿ ಗೆರಿಯ ತಳದಾಗ ಹೊಲಸಿನ್ಯಾಗ ಉರುಳಾಡ್ತದ, ಹಾಡಿಗಿಂತ ಸರಸರ ಸಪ್ಪಳನ ಜಾಸ್ತಿ. 78ರ ಮುಳ್ಳು ಎಲ್‌ಪಿ ಮ್ಯಾಲೆ ಇಳಿಸಿದ್ರ ಆ ಪ್ಲೇಟಿನ ಕಥಿ ಮುಗೀತು. ಯಾರರೆ ಕೀಲಿ ಕೊಡೋ ಗ್ರಾಮಫೋನ್ ತಂದ್ರ, ಅದರಾಗ ಅರಗಿನ ಪ್ಲೇಟು ಮಾತ್ರ, ಉಕ್ಕಿನ ಮುಳ್ಳು ಒಂದು ಮಗ್ಗಲಿಗೆ ಒಂದು. ಮುಳ್ಳು ಹಿಡಿಯೋ ಅದರ ಸೌಂಡ್‌ಬಾಕ್ಸ್ ಭಾರ ನೂರು ಗ್ರಾಂ ದಾಟ್ತದ.

ಫಿಯೆಸ್ಟಾ ಸ್ವರ ಅಲ್ಲಾಡಿದ್ರ ಮೊದಲು ತಟ್ಟಿ ತಿರುಗಿಸೋ ರಬ್ಬರ್ ಚಕ್ರ ನೋಡ್ರಿ. ವೇಗದ ಗೇರ್ ಹಾಕಿಟ್ಟು ವರ್ಷಗಟ್ಟಲೆ ಬಿಟ್ಟಿದ್ರ ಮೋಟಾರಿನ ಕಡ್ಡಿ ಒತ್ತಿ ಚಕ್ರಕ್ಕ ತಗ್ಗು ಬಿದ್ದಿರ್ತದ, ಸುತ್ತಿಗೊಮ್ಮೆ ಟಕ್ ಟಕ್ ಅಂತದ. ಸಣ್ಣ ತಗ್ಗಾದ್ರ ಚಕ್ರ ತಿರುಗಿಸ್ಕೋತ ನುಣುಪು ಸ್ಯಾಂಡ್‌ಪೇಪರ್ ಹಿಡಿದು, ಸ್ಪಿರಿಟ್‌ನಿಂದ ಒರಸ್ರಿ. ಬೇರಿಂಗಿಗೆ ಹೊಲಿಗಿ ಮಷಿನ್ ಎಣ್ಣಿ ಒಂದೇ ಹನಿ. ರಬ್ಬರಿಗೆ ಎಣ್ಣಿ ತಾಗಬಾರದು, ಜಾರ್ತದ. ದನಿ ಮಂಕಾಗಿ ಕೊನಿಗೆ ಪೂರಾ ನಿಂತಿದ್ರ ಅದರಾಗ ಕ್ರಿಸ್ಟಲ್ ಕಾರ್ಟ್ರಿಜ್ ಇರಬಹುದು. ಅದರೊಳಗಿನ ರೋಷೆಲ್ ಉಪ್ಪು 55 ಡಿಗ್ರಿ ಶಾಖಕ್ಕ, ತೇವಕ್ಕ ಸತ್ತುಹೋಗ್ತದ, ರಿಪೇರಿ ಇಲ್ಲ. ಬದಲಿಗೆ ಸಿರಾಮಿಕ್ ಕೂಡಿಸಬೇಕು.

ಬೆಲ್ಟಿನ ಟರ್ನ್‌ಟೇಬಲಿಗೆ ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡ್ರಿ. ತೋಳು ಗಾಳ್ಯಾಗ ತೇಲೋವರೆಗೂ ಹಿಂದಿನ ತೂಕ ತಿರುವಿ, ಡಯಲ್ ಸೊನ್ನಿಗೆ ತಂದು, ಆಮ್ಯಾಲೆ ಕಾರ್ಟ್ರಿಜ್ ಕಾಗದದಾಗ ಬರದಷ್ಟು ಭಾರ ಹಾಕ್ರಿ. 1.5ರಿಂದ 2.5 ಅಂತಿದ್ರ 2 ಇಲ್ಲಾ 2.2 ಇಡ್ರಿ. ಭಾರ ಕಡಿಮಿ ಇದ್ರ ಪ್ಲೇಟು ಉಳೀತದ ಅನ್ನೋದು ತಪ್ಪು ತಿಳುವಳಿಕಿ. ಹಗುರಾದ ಮುಳ್ಳು ಜೋರಿನ ಜಾಗದಾಗ ಜಿಗಿದು ಗೆರಿ ಗೋಡಿಗೆ ಬಡೀತದ. ಅಲೈನ್‌ಮೆಂಟ್ ಚೀಟಿ (ಕಾರ್ಟ್ರಿಜ್ ನೆಟ್ಟಗ ಕೂಡಿಸೋಕ ಗೆರಿ ಹಾಕಿದ ಕಾಗದ) ಪ್ರಿಂಟ್ ಮಾಡಿ ಪ್ಲೇಟಿನ ನಡುವಿನಿಂದ 66 ಮತ್ತು 121 ಮಿ.ಮೀ. ಜಾಗದಾಗ ಕಾರ್ಟ್ರಿಜ್ ನೆಟ್ಟಗ ಐತೋ ನೋಡ್ರಿ. ಒಳಗಿನ ಕಡೀ ಹಾಡಿನ್ಯಾಗ ‘ಸ’ಕಾರ ಬುಸುಗುಟ್ಟಿದ್ರ ಬಹಳ ಸಲ ಇದೇ ಕಾರಣ.

ಗುಂಯ್ ಅನ್ನೋ ಹಮ್ ಬಂದ್ರ: ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೋದು ನಾಲ್ಕೈದು ಮಿಲಿವೋಲ್ಟ್. ಅದಕ್ಕ ಆ ಸಣ್ಣ ದನಿ ಹಿಗ್ಗಿಸೋ ಫೋನೋ ಪ್ರಿಆಂಪ್ ಬೇಕ ಬೇಕು, ಟರ್ನ್‌ಟೇಬಲಿನ ಸಣ್ಣ ಗ್ರೌಂಡ್ ವೈರನ್ನ ಅದರ ತಿರುಪಿಗೆ ಕಟ್ಟಬೇಕು. ಆಮ್ಯಾಲೂ ಹೋಗಲಿಲ್ಲಂದ್ರ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥಿಂಗ್ ಖರೇ ಬಂದೈತೋ ಇಲ್ಲೋ ಎಲೆಕ್ಟ್ರಿಷಿಯನ್ ಕಡೆ ನೋಡಿಸ್ರಿ.

ಹಳೇ ದಪ್ಪ ಗೋಡಿ ಮನಿಯಾಗಿದ್ರ ಗೋಡಿಗೂಡಿನ್ಯಾಗ ಟರ್ನ್‌ಟೇಬಲ್ ಇಡ್ರಿ ಅಂತಿದ್ದೆ. ಯಾರು ನಡದಾಡಿದ್ರೂ ಮುಳ್ಳು ಜಿಗಿಯೂದಿಲ್ಲ, ಅಷ್ಟು ಚಂದದ ಜಾಗ ಇನ್ನೊಂದಿಲ್ಲ. ಇಲ್ಲಂದ್ರ ಒಂದೂವರೆ ಅಡಿ ಚೌಕದ ಶಹಾಬಾದ್ ಪರ್ಸಿ ತುಂಡು, ಅದರ ಕೆಳಗ ಅರ್ಧ ಕೊಯ್ದ ಟೆನಿಸ್ ಚೆಂಡು ನಾಲ್ಕು. ಸ್ಪೀಕರ್ ಇರೋ ಟೇಬಲ್ ಮ್ಯಾಲೆ ಮಾತ್ರ ಟರ್ನ್‌ಟೇಬಲ್ ಬ್ಯಾಡ್ರಿ. ದನಿ ಏರಿಸಿದ ಕೂಡಲೇ ಊಳಿಡ್ತದ.

ತಟ್ಟೆಪೆಟ್ಟಿಗೆ, ರಾಯಚೂರು:

ಭಾಳ ಉಪಕಾರ ಆತ್ರಿ. ಇನ್ನೊಂದು ಪ್ರಶ್ನಿ. ಗಂಗೂಬಾಯಿ ಹಾನಗಲ್ ಅವರ ಹಳೇ 78ರಾಗ ದನಿ ತೆಳ್ಳಗ, ಎತ್ತರಕ್ಕ ಕೇಳ್ತದ. ಎಲ್‌ಪಿಯಾಗಿನ ದನಿಗೂ ಅದಕ್ಕೂ ಸಂಬಂಧನ ಇಲ್ಲ. ಯಂತ್ರ ಜೋರು ಓಡ್ಲಿಕತ್ತದೇನು?

ಕರಿಎರಡು, ರಾಯಚೂರು:

ಅದು ಯಂತ್ರದ ತಪ್ಪೇ ಆಗಿರಬೇಕಿಲ್ಲ. ಗಂಗೂಬಾಯಿಯವರು 1930ರ ದಶಕದಲ್ಲಿ ಕೊಟ್ಟ ಪ್ಲೇಟುಗಳಲ್ಲಿ ಇರುವುದು ತೆಳುವಾದ ತಾರದ ದನಿ, ಆಗ ಪ್ಲೇಟಿನ ಮೇಲೆ ಹೆಸರೂ ಗಾಂಧಾರಿ ಎಂದಿರುತ್ತಿತ್ತು. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆಯ ನಂತರ ದನಿ ಈಗ ನಾವೆಲ್ಲ ಬಲ್ಲ ಗಂಭೀರ ದನಿಯಾಯಿತು. ಎರಡನ್ನೂ ಒಂದೇ ಸಂಜೆ ಕೇಳುವುದು ನಿಮ್ಮ ಕೂಟಕ್ಕೆ ತಕ್ಕ ವಿಷಯ. ಆದರೆ ವೇಗ ಪರೀಕ್ಷಿಸದೆ ಕೇಳಿದರೆ ಮಾತೆಲ್ಲ ದಾರಿ ತಪ್ಪುತ್ತದೆ. ವೇಗ 6 ಶೇಕಡ ಏರಿದರೆ ದನಿ ಅರ್ಧ ಸ್ವರದಷ್ಟು ಏರುತ್ತದೆ, ಹಾರ್ಮೋನಿಯಂನ ಕರಿ ಒಂದರ ಮನೆಯ ಷಡ್ಜ ಅದರ ಪಕ್ಕದ ಬಿಳಿ ಎರಡಾಗಿ ಕೇಳುತ್ತದೆ. 78ರ ಯಂತ್ರ 82.6ಕ್ಕೆ ಓಡಿದರೆ ಅಷ್ಟಾಗುತ್ತದೆ.

ಪರೀಕ್ಷೆಗೆ ಸ್ಟ್ರೋಬ್ ಚೀಟಿ ಬೇಕು, ಅಂದರೆ ಸುತ್ತಲೂ ಗೆರೆ ಬರೆದ, ಪ್ಲೇಟಿನ ಮೇಲೆ ಇಡುವ ದುಂಡು ಕಾಗದ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ 33⅓ಕ್ಕೆ 180 ಗೆರೆ, 45ಕ್ಕೆ 133, 78ಕ್ಕೆ 77 ಗೆರೆ ಇರುವ ಚೀಟಿ ಆರಿಸಿಕೊಳ್ಳಿ. 60 ಹರ್ಟ್ಸ್‌ನ ಅಮೆರಿಕದ ಚೀಟಿ ಇಲ್ಲಿ ನಡೆಯದು. ಹಲವು ಎಲ್‌ಇಡಿ ಬಲ್ಬಿನಡಿ ಗೆರೆ ಸರಿಯಾಗಿ ಕಾಣುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ನಿಯಾನ್ ದೀಪ ಇರುತ್ತದಲ್ಲ, ಕೋಣೆ ಕತ್ತಲು ಮಾಡಿ ಅದನ್ನು ಹತ್ತಿರ ಹಿಡಿಯಿರಿ. ಪ್ಲೇಟು ಹಾಕಿ, ಮುಳ್ಳು ಇಳಿಸಿಯೇ ನೋಡಬೇಕು, ಖಾಲಿ ತಿರುಗುವ ವೇಗ ಬೇರೆ. ಗೆರೆ ನಿಂತಂತೆ ಕಂಡರೆ ಸರಿ, ತಿರುಗುವ ದಿಕ್ಕಿಗೇ ಜರುಗಿದರೆ ವೇಗ ಹೆಚ್ಚು. 78ರ ಚೀಟಿಯಲ್ಲಿ ನಿಮಿಷಕ್ಕೆ 77 ಗೆರೆ ಜರುಗಿದರೆ ಒಂದು ಸುತ್ತು ವ್ಯತ್ಯಾಸ ಎಂದರ್ಥ. ಇನ್ವರ್ಟರ್ ಮೇಲೆ ಈ ಪರೀಕ್ಷೆ ನಂಬಬೇಡಿ, ಮೋಟಾರಿಗೂ ದೀಪಕ್ಕೂ ಅದೇ ತಪ್ಪು ಕರೆಂಟು ಹೋಗುತ್ತದೆ. ಆಗ ಗಡಿಯಾರವೇ ಗತಿ: ಎಲ್‌ಪಿ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು.

ಇನ್ನೊಂದು ಮಾತು, 1920ಕ್ಕೆ ಮುಂಚಿನ ಪ್ಲೇಟುಗಳು ಎಲ್ಲವೂ 78ರಲ್ಲೇ ಧ್ವನಿಮುದ್ರಣವಾದವಲ್ಲ. ಹಾರ್ಮೋನಿಯಂ ಪಕ್ಕಕ್ಕಿಟ್ಟುಕೊಂಡು, ಷಡ್ಜ ಎರಡು ಮನೆಗಳ ನಡುವೆ ಬಿದ್ದರೆ ಬರೆದಿಟ್ಟುಕೊಳ್ಳಿ.

ಕೇಳುವ ಕ್ರಮಕ್ಕೆ ಬಂದರೆ, ಒಂದು ಸಂಜೆಗೆ 78ರ ಆರು ಮಗ್ಗಲು, ಎಲ್‌ಪಿಯ ಎರಡು ಮಗ್ಗಲು ಸಾಕು. 78ರ ಮಗ್ಗಲು ಮೂರು ಮೂರೂವರೆ ನಿಮಿಷ, ಎಲ್‌ಪಿಯದು 20 ನಿಮಿಷದ ಆಸುಪಾಸು. ಒಟ್ಟು ಕೇಳುವುದು ಒಂದು ಗಂಟೆ, ಮಾತಿಗೆ ಇನ್ನೊಂದು ಗಂಟೆ. ಮುಳ್ಳು ಗೆರೆಯಲ್ಲಿ ಇರುವ ತನಕ ಯಾರೂ ಬಾಯಿ ತೆರೆಯಬಾರದು. ಮುಳ್ಳು ಇಳಿಸುವ ಕೈ ಆ ಸಂಜೆಗೆ ಒಂದೇ ಇರಲಿ.

ಜೋಡಿ ಕಟ್ಟಿ ಕೇಳಿಸಿ. ಕುಂದಗೋಳದ ಸವಾಯಿ ಗಂಧರ್ವರ 78 ಒಂದು, ಅವರ ಶಿಷ್ಯ ಭೀಮಸೇನ ಜೋಶಿಯವರ ಎಲ್‌ಪಿ ಒಂದು: ಒಂದೇ ಕಿರಾನಾ ಘರಾಣೆ, ಅಂದರೆ ಹಿಂದೂಸ್ತಾನಿ ಗಾಯನದ ಒಂದೇ ಪರಂಪರೆ. ಮೂರು ನಿಮಿಷದಲ್ಲಿ ಗುರು ಯಾವುದನ್ನು ಬಿಟ್ಟರು, ಇಪ್ಪತ್ತು ನಿಮಿಷ ಸಿಕ್ಕಾಗ ಶಿಷ್ಯ ಆ ಜಾಗದಲ್ಲಿ ಏನು ತುಂಬಿದರು? ಗಡಿಯಾರ ಹಿಡಿದು ಅಂತರಾ (ಹಾಡಿನ ಎರಡನೇ ಭಾಗ) ಎಷ್ಟನೇ ಸೆಕೆಂಡಿಗೆ ಬಂತು, ಮೊದಲ ತಾನ (ವೇಗದ ಸ್ವರಗಳ ಓಟ) ಎಷ್ಟಕ್ಕೆ ಎಂದು ಒಬ್ಬರು ಬರೆಯಲಿ. ಮಲ್ಲಿಕಾರ್ಜುನ ಮನ್ಸೂರರದು ಜೈಪುರ-ಅತ್ರೌಲಿ ದಾರಿ, ಅವರೂ 78ರ ಕಾಲದಿಂದ ಎಲ್‌ಪಿ ಕಾಲದವರೆಗೆ ಹಾಡಿದವರು. ಅವರಿಗೆ ಬೇರೊಂದು ಸಂಜೆ ಪೂರ್ತಿ ಕೊಡಿ, ಕಿರಾನಾ ಜೊತೆ ಒಂದೇ ದಿನ ಬೆರೆಸಿದರೆ ಎರಡಕ್ಕೂ ಅನ್ಯಾಯ.

ಸ್ಪೀಕರ್: 12 ಅಡಿಯ ಗೋಡೆಗೆ 7 ಅಡಿ ಅಂತರದಲ್ಲಿ, ಗೋಡೆಯಿಂದ ಒಂದೂವರೆ ಅಡಿ ಮುಂದೆ. ಸ್ಟೀರಿಯೋ ಸರಿಯಾಗಿ ಕೇಳುವುದು ನಡುವಿನ ಎರಡು ಮೂರು ಜಾಗಕ್ಕೆ ಮಾತ್ರ, ಆದ್ದರಿಂದ ಮಗ್ಗಲು ಬದಲಾದಾಗ ಕುಳಿತವರೂ ಜಾಗ ಬದಲಿಸಲಿ. ಪರ್ಸಿ ನೆಲ ದನಿಯನ್ನು ಎರಚುತ್ತದೆ, ಸ್ಪೀಕರಿಗೂ ಕೇಳುವವರಿಗೂ ನಡುವೆ ದಪ್ಪ ಜಮಖಾನ ಹಾಸಿ. ಮೋನೋ ಪ್ಲೇಟಿಗೆ ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿದರೆ ಚಟಪಟ ಎಷ್ಟೋ ತಗ್ಗುತ್ತದೆ. ಹಾಡು ಗೆರೆಯ ಅಡ್ಡ ಅಲುಗಾಟದಲ್ಲಿದೆ, ಸಪ್ಪಳದ ಒಂದು ಪಾಲು ಮೇಲೆ-ಕೆಳಗಿನ ಅಲುಗಾಟದಲ್ಲಿದೆ, ಎರಡು ಚಾನೆಲ್ ಕೂಡಿದಾಗ ಆ ಪಾಲು ಕಳೆದುಹೋಗುತ್ತದೆ.

ಕೆಮ್ಮಣ್ಣು, ಬಳ್ಳಾರಿ:

ಮೇಲಿನ ನನ್ನ ದ್ರಾವಣದ ಲೆಕ್ಕ ವಿನೈಲ್‌ಗೆ ಮಾತ್ರ ಎಂದು ಇನ್ನಷ್ಟು ಒತ್ತಿ ಹೇಳಬೇಕಿತ್ತು. 78ರ ಪ್ಲೇಟು ಅರಗಿನದು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿ ಪಾಲಿಶ್ ಕಲಸುವುದೇ ಹಾಗಲ್ಲವೇ? ಐಸೋಪ್ರೊಪೈಲ್, ಸ್ಯಾನಿಟೈಸರ್, ಸ್ಪಿರಿಟ್ ಯಾವುದೂ ಅದಕ್ಕೆ ತಾಗಬಾರದು. ಡಿಸ್ಟಿಲ್ಡ್ ನೀರು, ಲೀಟರಿಗೆ ಒಂದೇ ಹನಿ ಸೋಪು, ಒರೆಸಿ ಕೂಡಲೇ ಬರೀ ನೀರಿನಲ್ಲಿ ಒರೆಸಿ ಒಣಗಿಸಿ. ನೆನೆಹಾಕಬೇಡಿ, ಅಂಚು ಸೀಳಿದ್ದರೆ ನೀರು ಒಳಗಿಳಿದು ಪದರ ಎದ್ದುಬರುತ್ತದೆ.

ಗೋಡೆಗೂಡು, ಕೊಪ್ಪಳ:

ಕರೆಂಟ್ ಹೋಗೋದು ಒಂದು ಉಳೀತ್ರಿ. ನಡುವ ಹೋತಂದ್ರ ಪ್ಲೇಟು ನಿಲ್ಲೋಕಿಂತ ಮೊದಲ ತೋಳು ಎತ್ತಿ ಸ್ಟ್ಯಾಂಡಿಗೆ ಇಡ್ರಿ, ಸ್ವಿಚ್ ಆರಸ್ರಿ. ಫಿಯೆಸ್ಟಾದ ಗೇರನ್ನೂ ನಡುವಿನ ಖಾಲಿ ಜಾಗಕ್ಕ ತರ್ರಿ, ಇಲ್ಲಂದ್ರ ರಬ್ಬರ್ ಚಕ್ರಕ್ಕ ಅದೇ ತಗ್ಗು ಮತ್ತ ಬೀಳ್ತದ. ಆಂಪ್ಲಿಫೈಯರ್ ದನಿ ಪೂರಾ ಇಳಿಸಿಡ್ರಿ. ಕರೆಂಟ್ ವಾಪಸ್ ಬಂದಾಗಿನ ಧಡ್ ಅನ್ನೋ ಹೊಡತಕ್ಕ ಸ್ಪೀಕರ್ ಕೋನ್ ಹರಿದಾವು.